ಟೈಲ್ಸ್ ಕೆಲಸದ ವರ

ಲೋಕದಲ್ಲಿ ದಡ್ಡರಿಗೆ ಬರವಿಲ್ಲ ಎಂಬುದನ್ನು ನಾನು ಬಹಳ ಹಿಂದೆಯೇ ಒಪ್ಪಿಕೊಂಡಿದ್ದೇನೆ. ಆದರೆ ಅವರೆಲ್ಲ ನನ್ನ ಕೆಲಸವೇನೆಂದು ಕೇಳಲು ನಮ್ಮ ಶಿಗ್ಗಾವಿಯ ಮನೆಗೇ ಯಾಕೆ ಬರಬೇಕು? ನನ್ನ ಕೆಲಸ ಸರಳ. ಆಕಾಶದಿಂದ ತೆಗೆದ ಹೊಲ, ಕೆರೆ, ಊರುಗಳ ಸಾವಿರಾರು ಫೋಟೋಗಳನ್ನು ಜೋಡಿಸಿ, ಮೇಲೆ ಹೆಸರು ಬರೆದು, ಇಂಟರ್‌ನೆಟ್ಟಿನಲ್ಲಿ ನಕ್ಷೆಯಾಗಿ ತೋರಿಸುವುದು. ಇಡೀ ಚಿತ್ರವನ್ನು ಒಮ್ಮೆಲೇ ಕಳಿಸಿದರೆ ನೋಡುವವನ ಮೊಬೈಲು ಮೂರ್ಛೆ ಹೋಗುತ್ತದೆ. ಹಾಗೆ ಕಳಿಸುವ ಮಹಾನುಭಾವರೂ ನಮ್ಮ ಆಫೀಸಿನಲ್ಲಿದ್ದಾರೆ. ಹೋಳಿಗೆಯನ್ನು ಮುರಿಯದೆ ಇಡಿಯಾಗಿ ಬಾಯಿಗೆ ತುರುಕುವ ಪೈಕಿ. ನಾನು ಮಾತ್ರ ಚಿತ್ರವನ್ನು ಚೌಕ ಚೌಕವಾಗಿ ಕತ್ತರಿಸಿಡುತ್ತೇನೆ. ನೋಡುವವನಿಗೆ ಬೇಕಾದ ಊರಿನ ಚೌಕಗಳಷ್ಟೇ ಬರುತ್ತವೆ. ಈ ಚೌಕಗಳಿಗೆ ಟೈಲ್ಸ್ ಎನ್ನುತ್ತಾರೆ. ಆ ಹೆಸರಿಟ್ಟ ಪುಣ್ಯಾತ್ಮ ಕೈಗೆ ಸಿಕ್ಕರೆ ನಾನು ಸುಮ್ಮನೆ ಬಿಡುವುದಿಲ್ಲ.

ಯಾಕೆಂದರೆ ಅವ್ವ ಅದೊಂದು ಶಬ್ದ ಹಿಡಿದುಕೊಂಡು ದುಂಡಸಿಯಿಂದ ಹಾನಗಲ್ಲಿನವರೆಗೆ ಬಳಗಕ್ಕೆಲ್ಲ, "ನಮ್ಮ ಹುಡುಗ ಟೈಲ್ಸ್ ಕೆಲಸಾ ಮಾಡ್ತಾನ" ಎಂದು ಸಾರಿಬಿಟ್ಟಳು. ಸವಣೂರಿನ ಚಿಗವ್ವ ತನ್ನ ಬಚ್ಚಲಿನ ಅಳತೆ ಕಳಿಸಿದಳು. ಒಂದು ಮದುವೆ ಮಾತುಕತೆ ಇದೇ ಕಾರಣಕ್ಕೆ ಮುರಿದೂ ಬಿತ್ತು. ನಾನು ಮನಸಾರೆ ಮೆಚ್ಚಿದ್ದ ಹಿರೇಕೆರೂರಿನ ಹುಡುಗಿಯ ಮನೆಯಲ್ಲೂ ಗುಸುಗುಸು ಶುರುವಾಗಿತ್ತು. ಅವಳು ಕೈತಪ್ಪಿದರೆ ಎಂಬ ಹೆದರಿಕೆಗೆ ನನಗೆ ರೊಟ್ಟಿ ಸೇರದಂತಾಯಿತು.

ಅವಳ ಅಪ್ಪ ಗೋವಿನಜೋಳದ ವ್ಯಾಪಾರಿ. ನಮ್ಮ ಮನೆ ನೋಡಲು ಬಂದವರು ಚುರುಮುರಿ ಮುಕ್ಕುತ್ತ ನನ್ನ ಅಂಗೈ ದಿಟ್ಟಿಸಿ, "ಟೈಲ್ಸ್ ಹಾಕಾವ್ರ ಕೈ ಒರಟ ಇರ್ತಾವ. ಇವು ಮೆತ್ತಗದಾವಲ್ರಿ?" ಎಂದರು. ಇಂಥವರಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ಲ್ಯಾಪ್‌ಟಾಪ್ ತೆರೆದು ನಮ್ಮ ಜಿಲ್ಲೆಯ ಹೊಸ ನಕ್ಷೆ ತೋರಿಸಿದೆ. ನೋಡಿದವನೇ ಬೆವತುಬಿಟ್ಟೆ. ಚೌಕಗಳ ಸಾಲನ್ನು ಕೆಲವರು ಮೇಲಿನಿಂದ ಎಣಿಸುತ್ತಾರೆ, ಕೆಲವರು ಕೆಳಗಿನಿಂದ. ನಾನು ಕತ್ತರಿಸುವಾಗ ಕೆಳಗಿನಿಂದ ಎಣಿಸಿ, ಜೋಡಿಸುವಾಗ ಮೇಲಿನಿಂದ ಎಣಿಸಿದ್ದೆ! ಹೆಸರುಗಳೆಲ್ಲ ನೆಟ್ಟಗಿದ್ದವು, ಸಾಲುಗಳು ಮಾತ್ರ ಅದಲುಬದಲು. ದಕ್ಷಿಣದ ಹಿರೇಕೆರೂರು ತಲೆಯ ಮೇಲೆ ಕುಳಿತಿತ್ತು, ಉತ್ತರದ ಶಿಗ್ಗಾವಿ ಅದರ ಕಾಲಬುಡದಲ್ಲಿ. ದುಂಡಸಿಯ ರಸ್ತೆ ನಡುವೆಯೇ ತುಂಡಾಗಿತ್ತು.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದು ನೋಡ್ರಿ ಖರೇ ನಕಾಶಾ! ಇಷ್ಟ ದಿನಾ ಎಲ್ಲಾರೂ ನಮ್ಮೂರನ್ನ ಕೆಳಗ ತುಳದಿದ್ರು. ಹೆಣ್ಣಿನವರ ಊರು ಮ್ಯಾಲೆ, ಗಂಡಿನವರದು ಕೆಳಗ! ಮರ್ಯಾದಿ ಗೊತ್ತಿದ್ದ ಹುಡುಗ ಅದಾನ. ಸಕ್ಕರಿ ತರ್ರಿ ಅವ್ವಾರ, ಬಾಯಿ ಸಿಹಿ ಮಾಡೋಣು."

ತಪ್ಪಾಗಿದೆ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಸಕ್ಕರೆಯ ಜೊತೆ ಅದನ್ನೂ ನುಂಗಿದೆ.

ಮರುದಿನ ಆಫೀಸಿಗೆ ಹೋಗಿ ನಕ್ಷೆ ಸರಿಪಡಿಸಿದೆ. ಊರುಗಳು ತಮ್ಮ ತಮ್ಮ ಜಾಗಕ್ಕೆ ಮರಳಿದವು. ಮದುವೆಯಾದ ಮೇಲೂ ಮನೆಯಲ್ಲಿ ಮಾತ್ರ ಆ ಹಳೆಯ ನಕ್ಷೆಯೇ ನಡೆಯುತ್ತಿದೆ. ನಾನು ಸ್ವಲ್ಪ ದನಿ ಏರಿಸಿದರೆ ಸಾಕು, ಹೆಂಡತಿ, "ಯಾರ ಊರು ಮ್ಯಾಲೈತಿ, ನೆನಪೈತೇನ್ರಿ?" ಎನ್ನುತ್ತಾಳೆ. ಮೊನ್ನೆ ಮಾವನವರು ಫೋನು ಮಾಡಿ ಕರೆಸಿಕೊಂಡಿದ್ದರು. ಹಿರೇಕೆರೂರಿಗೆ ಹೋಗಿ, ಅವರ ಬಚ್ಚಲಿಗೆ ಟೈಲ್ಸ್ ಹಾಕಿಸಿಕೊಟ್ಟು ಬಂದೆ.