ಸಿಂಗಳೀಕದ ಪರವಾಗಿ ಒಂದು ದೂರು

ಮನುಷ್ಯ ಹುಲಿಗೆ ಹೆದರುವುದು ಲೋಕರೂಢಿ. ಆದರೆ ಗುಜರಾತಿನ ಮೂರು ಊರುಗಳ ಹುಲಿ, ಸಿಂಹ, ಮೊಸಳೆಗಳು ನಮ್ಮ ಭಾವನವರಿಗೆ ಹೆದರುತ್ತಿದ್ದವು ಎಂದರೆ ನಂಬುತ್ತೀರಾ? ಮೂರು ಊರು ಎಂದದ್ದು ಸ್ವಲ್ಪ ಹೆಚ್ಚಾಯಿತು; ಸೂರತ್ತಿನಲ್ಲಿ ಆಗ ಮೃಗಾಲಯವೇ ಇರಲಿಲ್ಲ. ಹುಲಿ ಸಿಂಹ ಎಂದದ್ದೂ ಹೆಚ್ಚೇ. ನಿಜಕ್ಕೂ ಹೆದರುತ್ತಿದ್ದವರು ಅವುಗಳನ್ನು ನೋಡಿಕೊಳ್ಳುವ ಸಿಬ್ಬಂದಿ. ಭಾವನವರು ಗೇಟಿನಲ್ಲಿ ಟಿಕೆಟ್ ಕೊಳ್ಳುವುದು ಕಂಡರೆ ಸಾಕು, ಒಬ್ಬ ಪೊರಕೆ ಹಿಡಿಯುತ್ತಿದ್ದ, ಇನ್ನೊಬ್ಬ ಟೋಪಿ ಸರಿಮಾಡಿಕೊಳ್ಳುತ್ತಿದ್ದ, ಮೂರನೆಯವನು ಆಫೀಸಿನ ಕಡೆಗೆ ಓಡುತ್ತಿದ್ದ.

ಭಾವನವರೆಂದರೆ ನನ್ನ ಅಕ್ಕನ ಗಂಡ. ಧಾರವಾಡದವರು. ಮುಂಬಯಿ ಪ್ರಾಂತವಿದ್ದ ಕಾಲದಲ್ಲಿ ರೈಲ್ವೆ ಸೇರಿ, ಸೂರತ್, ವಡೋದರಾ ಎಂದು ಸುತ್ತಿ, ಕಡೆಗೆ ಅಹಮದಾಬಾದಿಗೆ ಬಂದು ಮಣಿನಗರದಲ್ಲಿ ಮನೆ ಮಾಡಿದ್ದರು. ಗುಜರಾತ್ ಬೇರೆ ರಾಜ್ಯವಾಗಿ ಎರಡು ಮೂರು ವರ್ಷವಾಗಿತ್ತಷ್ಟೆ. ನಾನು ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಟೈಪಿಸ್ಟಾಗಿ ಅದೇ ಊರಿಗೆ ಬಂದವಳು ಅವರ ಮನೆಯಲ್ಲೇ ಉಳಿದೆ. ಭಾವನವರ ಕೆಲಸ ಬಹಳ ಗಂಭೀರವಾದದ್ದು. ಬಂದು ನಿಂತ ಗಾಡಿಯ ಪಕ್ಕದಲ್ಲಿ ಉದ್ದ ಹಿಡಿಕೆಯ ಸುತ್ತಿಗೆ ಹಿಡಿದು ನಡೆಯುತ್ತ, ಒಂದೊಂದು ಗಾಲಿಗೂ ಒಂದೊಂದು ಏಟು ಕೊಟ್ಟು, ಸದ್ದಿನಲ್ಲೇ ಬಿರುಕು ಕಂಡುಹಿಡಿಯುವುದು. ಠಣ್ ಎಂದರೆ ಗಾಲಿ ಗಟ್ಟಿ. ಠಪ್ ಎಂದರೆ ಆ ಡಬ್ಬಿಯ ಮೇಲೆ ಸೀಮೆಸುಣ್ಣದಲ್ಲಿ ‘ಸಿಕ್’ ಎಂದು ಬರೆದುಬಿಡುವುದು. ಹೌದು, ರೈಲ್ವೆಯಲ್ಲಿ ಡಬ್ಬಿಗೂ ಕಾಯಿಲೆ ಬರುತ್ತದೆ! ಅವರು ಬರೆದರೆಂದರೆ ಯಾವ ದೊಡ್ಡ ಸಾಹೇಬ ಬಂದು ಬೇಡಿಕೊಂಡರೂ ಆ ಡಬ್ಬಿ ಕದಲುವಂತಿರಲಿಲ್ಲ.

“ತಪ್ಪು ಕಂಡೂ ಬರೀದವಾ ಅರ್ಧಾ ಕೊಲೆಗಾರ” ಎನ್ನುತ್ತಿದ್ದರು ಭಾವನವರು. ಗಾಡಿಯ ಮಟ್ಟಿಗೆ ಅದು ಸತ್ಯವೇ. ಆದರೆ ಸುತ್ತಿಗೆಯನ್ನು ಸ್ಟೇಷನ್ನಿನಲ್ಲಿ ಬಿಟ್ಟುಬಂದರೂ ಅವರ ಬೆರಳಿನ ಗೆಣ್ಣುಗಳು ಮನೆಗೆ ಬರುತ್ತಿದ್ದವಲ್ಲ! ತೆಂಗಿನಕಾಯಿ, ಕೊಡ, ಬಾಗಿಲು, ನನ್ನ ಟೈಪ್‌ರೈಟರು, ಎಲ್ಲವನ್ನೂ ತಟ್ಟಿ ಕಿವಿಗೊಡುತ್ತಿದ್ದರು. “ಲಗ್ನದಾಗ ನನ್ನ ಕಡೆ ಒಂದ್ ಸಲಾನೂ ನೋಡ್ಲಿಲ್ಲವಾ. ಮಂಟಪದ ಕಂಬಾ ಬಾರಿಸಿ ನೋಡ್ತಾ ಕೂತಿದ್ರು” ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ.

ಇನ್ನೊಂದು ವಿಷಯವಿದೆ, ಎಂಜಲು. ಅದರಲ್ಲಿ ಅವರಷ್ಟು ಕಟ್ಟುನಿಟ್ಟಿನವರನ್ನು ನಾನು ಕಂಡಿಲ್ಲ. ಲೋಟಕ್ಕೆ ತುಟಿ ತಾಗಿಸದೆ ನೀರನ್ನು ಮೇಲಿನಿಂದ ಸುರಿದುಕೊಳ್ಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅಕ್ಕ ಉಪ್ಪು ನೋಡಲು ಸೌಟಿನಿಂದ ಒಂದು ಹನಿ ಸಾರು ಅಂಗೈಗೆ ಹಾಕಿಕೊಂಡು ನೆಕ್ಕಿದ್ದನ್ನು ಕಂಡು ಆ ಇಡೀ ಪಾತ್ರೆಯನ್ನು ಮುಟ್ಟಲಿಲ್ಲವಂತೆ. ಅಂದಿನಿಂದ ಅಕ್ಕ ರುಚಿ ನೋಡದೆಯೇ ಅಡಿಗೆ ಮಾಡುತ್ತಿದ್ದಳು. ನಾವೂ ಹಾಗೆಯೇ, ರುಚಿಯ ಕಡೆ ಗಮನ ಕೊಡದೆ ಉಣ್ಣುತ್ತಿದ್ದೆವು!

ಇಂಥವರು ವಾರಕ್ಕೊಂದು ರಜೆಯ ದಿನ ಏನು ಮಾಡಬೇಕು? ದೇವಸ್ಥಾನಕ್ಕೆ ಹೋಗಬಹುದಿತ್ತು. ಅವರು ಮೃಗಾಲಯಕ್ಕೆ ಹೋಗುತ್ತಿದ್ದರು. ಯಾಕೆ ಎಂದು ಒಮ್ಮೆ ಕೇಳಿದೆ. “ಪ್ಯಾಸೆಂಜರಿಗೆ ಬಾಯಿ ಅದ, ಕಂಪ್ಲೇಂಟ್ ಬುಕ್ ಅದ. ಇವಕ್ಕ ಏನದ? ಬ್ಯಾರೆಯವರು ಯಾರರೆ ಬರೀಬೇಕಲ್ಲ” ಎಂದರು. ಆ ಮಾತು ಕೇಳಿದಾಗ ನನಗೆ ನಗು ಬರಲಿಲ್ಲ.

ನಗು ಬಂದದ್ದು ಹಳೆಯ ಪತ್ರಗಳ ಕಡತ ನೋಡಿದಾಗ. ಸೂರತ್ತಿನಲ್ಲಿ ಮೃಗಾಲಯವಿಲ್ಲದಿದ್ದರೂ ಭಾವನವರು ಸುಮ್ಮನಿರಲಿಲ್ಲ. ‘ನಿಮ್ಮ ಊರಿನಲ್ಲಿ ಮೃಗಾಲಯ ಇಲ್ಲದಿರುವುದೇ ನಿಮ್ಮ ಮೃಗಾಲಯದ ಮೊದಲನೆಯ ದೋಷ’ ಎಂದು ನಗರಸಭೆಗೆ ಬರೆದಿದ್ದರು. ವಡೋದರೆಯಲ್ಲಿ ಮೊಸಳೆಯ ಪ್ರಕರಣ. ಕೈಗಡಿಯಾರ ಹಿಡಿದು ಎರಡು ತಾಸು ನಿಂತು ನೋಡಿದ್ದಾರೆ, ಮೊಸಳೆ ಅಲ್ಲಾಡಿಲ್ಲ. ‘ಮೊಸಳೆ ಸತ್ತಿದೆ, ಕೂಡಲೇ ತೆರವು ಮಾಡತಕ್ಕದ್ದು’ ಎಂದು ದೂರು. ಮೇಲ್ವಿಚಾರಕರು ಬಂದು ನಿಂತ ಕ್ಷಣಕ್ಕೆ ಸರಿಯಾಗಿ ಮೊಸಳೆ ಬಾಯಿ ತೆರೆದು ಆಕಳಿಸಿ ನೀರಿಗಿಳಿಯಿತು. ಬೇರೆಯವರಾಗಿದ್ದರೆ ನಾಚಿ ಮನೆಗೆ ಹೋಗುತ್ತಿದ್ದರು. ಭಾವನವರು ಅಲ್ಲೇ ಎರಡನೆಯ ದೂರು ಬರೆದರು: ‘ಜೀವಂತ ಮೊಸಳೆಯನ್ನು ಸಾರ್ವಜನಿಕರಿಗೆ ಸತ್ತಂತೆ ಕಾಣುವ ಹಾಗೆ ಇಟ್ಟಿದ್ದೀರಿ. ಬದುಕಿದೆ ಎಂದು ಫಲಕ ಹಾಕತಕ್ಕದ್ದು.’

ಅಹಮದಾಬಾದಿನಲ್ಲಿ ಅವರ ಮೊದಲ ದೂರು ದೂರಿನ ಪುಸ್ತಕದ ಮೇಲೆಯೇ! ಅದಕ್ಕೆ ಪುಟಸಂಖ್ಯೆ ಇರಲಿಲ್ಲ. ರೈಲ್ವೆಯಲ್ಲಿ ಪ್ರತಿ ಹಾಳೆಗೂ ನಂಬರಿರುತ್ತದೆ, ಯಾರೂ ಕಿತ್ತುಹಾಕುವಂತಿಲ್ಲ, ಇಲ್ಲಿಯೂ ಹಾಗೆಯೇ ಆಗಬೇಕು ಎಂದು ಬರೆದರು. ಅಲ್ಲಿನ ಮೇಲ್ವಿಚಾರಕರು ತಾಳ್ಮೆಯ ಮನುಷ್ಯ. ಮರುವಾರವೇ ನಂಬರು ಹಾಕಿಸಿದರು. ಅಂದಿನಿಂದ ಪುಸ್ತಕದಲ್ಲೊಂದು ದೂರು, ನಾನು ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಪ್ರತಿ ನಗರಸಭೆಗೆ, ಹೀಗೆ ಪದ್ಧತಿ ನಿಂತಿತು. ನವಿಲು ಗರಿ ಬಿಚ್ಚುವ ವೇಳೆಯನ್ನು ಗೇಟಿನಲ್ಲಿ ಬರೆದು ಹಾಕಿಲ್ಲ ಎಂಬ ಪತ್ರವನ್ನು ಈ ಕೈಗಳೇ ಟೈಪು ಮಾಡಿವೆ. ಪಾಪದಲ್ಲಿ ನನಗೂ ಪಾಲಿದೆ.

ಇಡೀ ಮೃಗಾಲಯದಲ್ಲಿ ಭಾವನವರು ತಪ್ಪು ಹುಡುಕದ ಪಂಜರ ಒಂದೇ, ಸಿಂಗಳೀಕದ್ದು. ಕಪ್ಪು ಮೈ, ಮುಖದ ಸುತ್ತ ಬಿಳಿ ಕೇಸರ, ವಯಸ್ಸಾದ ಹೆಣ್ಣು ಕೋತಿ. ನಮ್ಮ ಕಡೆಯ ಘಟ್ಟದ ಕಾಡಿನಿಂದ ಬಂದದ್ದು. “ನಮ್ಮ ಕಡೀದು” ಎಂದು ಹೇಳುವಾಗ ಅವರ ದನಿಯೇ ಬದಲಾಗುತ್ತಿತ್ತು. ಪಂಜರದ ಮುಂದೆ ನಿಂತು “ಏನವಾ, ಆರಾಮ ಇದ್ದೀ?” ಎನ್ನುತ್ತಿದ್ದರು. ಸಿಂಗಳೀಕ ಬೆನ್ನು ತಿರುಗಿಸಿ ಗೋಡೆ ನೋಡುತ್ತಿತ್ತು. “ನೋಡಿದ್ಯಾ, ಕನ್ನಡಾ ಕೇಳಿ ನಾಚಿಕೋತು” ಎಂದು ನನಗೆ ಹೇಳುತ್ತಿದ್ದರು.

ಒಂದು ಭಾನುವಾರ ಎಂದಿಗಿಂತ ಬೇಗ ಹೋದೆವು. ಪ್ರಾಣಿಗಳಿಗೆ ಊಟ ಕೊಡುವ ಹೊತ್ತು. ಸಿಂಗಳೀಕದ ಪಂಜರ ನೋಡಿಕೊಳ್ಳುತ್ತಿದ್ದ ರಾಮ್‌ಜಿಕಾಕಾ ಸರಳುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಅರವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ಬಾಳೆಹಣ್ಣು ಸುಲಿದರು, ಒಂದು ತುಂಡು ಕಚ್ಚಿ ತಾವು ತಿಂದರು, ಉಳಿದದ್ದನ್ನು ಸರಳಿನ ಸಂದಿಯಲ್ಲಿ ಒಳಗೆ ಚಾಚಿದರು. ನೆನೆಸಿದ ಕಡಲೆಯಲ್ಲೂ ಹಾಗೆಯೇ. ಮೊದಲು ತಮ್ಮ ಬಾಯಿಗೆ ನಾಲ್ಕು ಕಾಳು, ಆಮೇಲೆ ಅದಕ್ಕೆ. ಭಾವನವರ ಮುಖ ಕೆಂಪಗಾಯಿತು.

“ಬಾಯಿಲ್ಲದ ಪ್ರಾಣೀದು ಊಟಾ ತಿಂತಾನ! ತಿಂದು, ತನ್ನ ಎಂಜಲಾ ಅದಕ್ಕ ತಿನಸ್ತಾನ! ನಮ್ಮ ಕಡೀ ಪ್ರಾಣಿಗೆ!”

“ಒಂದ್ ಮಾತು ಅವರನ್ನ ಕೇಳಿ ನೋಡೋಣಲ್ಲ ಭಾವ” ಎಂದೆ.

“ಬಿರುಕು ಬಿಟ್ಟ ಗಾಲಿನ್ನ ಯಾರರೆ ಕೇಳ್ತಾರೇನು, ಯಾಕ ಬಿಟ್ಟೀ ಅಂತ?”

ಪುಸ್ತಕದಲ್ಲಿ ಬರೆದರು. ಮರುದಿನ ಸಂಜೆ ನಾನು ಟೈಪು ಮಾಡಿದೆ. ನೌಕರನು ಪ್ರಾಣಿಯ ಆಹಾರವನ್ನು ತಾನು ತಿಂದು ಉಳಿದದ್ದನ್ನು ಅದಕ್ಕೆ ಕೊಡುತ್ತಾನೆ, ಕಣ್ಣಾರೆ ಕಂಡಿದ್ದೇನೆ, ವಿಚಾರಣೆಯಾಗಬೇಕು. ಎಷ್ಟು ಅಚ್ಚುಕಟ್ಟಾದ ಪತ್ರ! ಎಲ್ಲೂ ಒಂದು ಅಕ್ಷರ ತಪ್ಪಿರಲಿಲ್ಲ. ನನಗೆ ಹೆಮ್ಮೆಯೂ ಆಯಿತೆಂದು ಇಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮುಂದಿನ ಭಾನುವಾರ ಅಕ್ಕನೂ ನಮ್ಮ ಜೊತೆ ಬಂದಳು. ಪಂಜರದ ಬಳಿ ರಾಮ್‌ಜಿಕಾಕಾ ಇರಲಿಲ್ಲ, ನಮ್ಮ ಗುರುತಿಲ್ಲದ ಬೇರೊಬ್ಬ ನೌಕರನಿದ್ದ. ತಟ್ಟೆಯ ತುಂಬ ಹಣ್ಣು, ಕಡಲೆ, ಹಾಗೆಯೇ ಇತ್ತು. ನೊಣ ಮುತ್ತಿತ್ತು. ಸಿಂಗಳೀಕ ಮೂಲೆಯಲ್ಲಿ ಮುದುಡಿ ಕೂತಿತ್ತು. ಭಾವನವರು “ಏನವಾ” ಎಂದರು. ಅದು ಬೆನ್ನು ತಿರುಗಿಸಲೂ ಇಲ್ಲ.

“ಗುರುವಾರದಿಂದ ಹೀಗೇ” ಎಂದು ಆ ನೌಕರ ಹಿಂದಿಯಲ್ಲಿ ಹೇಳಿದ. ಯಾರೋ ಸಾಹೇಬರು ದೂರು ಕೊಟ್ಟರಂತೆ, ಕಾಕಾನನ್ನು ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ನಿಲ್ಲಿಸಿದ್ದಾರೆ, ಕೆಲಸ ಉಳಿಯುವುದೋ ಇಲ್ಲವೋ ಗೊತ್ತಿಲ್ಲ. ಈ ಕೋತಿ ಮೊದಲು ಬಂದಾಗ ಏನು ಕೊಟ್ಟರೂ ಮುಟ್ಟುತ್ತಿರಲಿಲ್ಲವಂತೆ. ಸಾಯುತ್ತದೆ ಎಂದೇ ಎಲ್ಲರೂ ಕೈಬಿಟ್ಟಿದ್ದರು. ಕಾಕಾ ಮೂರು ದಿನ ಪಂಜರದ ಮುಂದೆಯೇ ಕೂತು, ತಾವು ಕಚ್ಚಿ ತಿಂದು ತೋರಿಸಿ, ವಿಷವಿಲ್ಲ, ಹೆದರಬೇಡ ಎಂದು ನಂಬಿಸಿ ತಿನ್ನಿಸಿದರಂತೆ. ಅಂದಿನಿಂದ ಅವರು ಮೊದಲು ಕಚ್ಚಿದರೆ ಮಾತ್ರ ಇದು ತಿನ್ನುವುದು. “ನಾನೂ ಕಚ್ಚಿ ಕೊಟ್ಟೆ ಸಾಹೇಬ್. ನನ್ನದು ಬೇಡವಂತೆ” ಎಂದ.

ಭಾವನವರು ಸರಳು ಹಿಡಿದು ಮೂಲೆಯ ಸಿಂಗಳೀಕವನ್ನು ನೋಡಿದರು. ಆಮೇಲೆ ನೇರವಾಗಿ ಆಫೀಸಿಗೆ ನಡೆದರು. ನಾನು ಹಿಂದೆ ಓಡಿದೆ.

“ನನ್ನ ದೂರು ವಾಪಸು ಕೊಡಿ” ಎಂದರು.

ಮೇಲ್ವಿಚಾರಕರು ನಿಟ್ಟುಸಿರು ಬಿಟ್ಟರು. “ಹೇಗೆ ಕೊಡಲಿ? ಹಾಳೆಗೆ ನಂಬರಿದೆ, ನೀವೇ ಹಾಕಿಸಿದ್ದು. ನಗರಸಭೆಗೆ ಪ್ರತಿ ಹೋಗಿದೆ, ನೀವೇ ಕಳಿಸಿದ್ದು. ದೂರು ಕೊಟ್ಟವರು ಆಮೇಲೆ ರಾಜಿಯಾದರೂ ವಿಚಾರಣೆ ನಿಲ್ಲಬಾರದು ಎಂದೂ ಕೆಳಗೆ ಬರೆದಿದ್ದೀರಿ. ವಿಚಾರಣೆಗೆ ಒಂದು ತಿಂಗಳಾದರೂ ಬೇಕು.”

“ತಿಂಗಳಾ? ಅದು ಅಲ್ಲೀತನಕಾ ಬದುಕತದೇನು?” ಎಂದು ಭಾವನವರು ಕನ್ನಡದಲ್ಲೇ ಕೇಳಿದರು. ಮೇಲ್ವಿಚಾರಕರಿಗೆ ಕನ್ನಡ ಬರದಿದ್ದರೂ ಕೇಳಿದ್ದು ಅರ್ಥವಾಗಿತ್ತು.

ಭಾವನವರು ಕುರ್ಚಿ ಎಳೆದು ಕೂತರು. ಆಮೇಲೆ ದೂರಿನ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು ಬರೆಯತೊಡಗಿದರು. ದೂರು ಯಾರ ಮೇಲೆ ಗೊತ್ತೇ? ತಮ್ಮ ಮೇಲೆಯೇ! ‘ಪ್ರತಿ ಭಾನುವಾರ ಬರುವ ರೈಲ್ವೆಯ ವೀಕ್ಷಕನೊಬ್ಬನು, ಕೋತಿಗಳ ವಿಷಯದಲ್ಲಿ ಏನೂ ತಿಳಿಯದವನಾಗಿದ್ದು, ಎರಡು ನಿಮಿಷ ದೂರದಿಂದ ನೋಡಿ, ಯಾರನ್ನೂ ಕೇಳದೆ, ನಿಷ್ಠಾವಂತ ನೌಕರನ ಮೇಲೆ ದೋಷ ಹೊರಿಸಿದ್ದಾನೆ. ಇದರಿಂದ ಒಂದು ಪ್ರಾಣಿಯ ಜೀವಕ್ಕೆ ಅಪಾಯ ಒದಗಿದೆ. ರೈಲ್ವೆಯಲ್ಲಿ ಗಟ್ಟಿ ಡಬ್ಬಿಯ ಮೇಲೆ ಸಿಕ್ ಎಂದು ಬರೆದವನ ಮೇಲೆಯೇ ಕ್ರಮವಾಗುತ್ತದೆ. ಆದ್ದರಿಂದ ಮೊದಲು ಈ ದೂರುದಾರನ ವಿಚಾರಣೆಯಾಗಲಿ. ಅದು ಮುಗಿಯುವವರೆಗೆ ಅವನ ಮಾತನ್ನು ಯಾರೂ ನಂಬತಕ್ಕದ್ದಲ್ಲ. ಅವನನ್ನು ಮೃಗಾಲಯದೊಳಗೆ ಬಿಡತಕ್ಕದ್ದಲ್ಲ.’ ಕೆಳಗೆ ಸಹಿ, ಮನೆಯ ವಿಳಾಸ.

ಮೇಲ್ವಿಚಾರಕರು ಓದಿದರು. ನಗಲಿಲ್ಲ. “ಇದನ್ನು ನಾನೇ ಕೈಯಲ್ಲಿ ಹಿಡಿದುಕೊಂಡು ನಗರಸಭೆಗೆ ಹೋಗುತ್ತೇನೆ” ಎಂದರು. ಮನೆಗೆ ಬಂದು ನಾನು ಅದರ ಪ್ರತಿ ಟೈಪು ಮಾಡಿದೆ. ಕಣ್ಣು ಮಂಜಾಗಿ ನಾಲ್ಕು ತಪ್ಪು ಬಿದ್ದವು. ಭಾವನವರು ನೋಡಿದರು, ಒಂದನ್ನೂ ತಿದ್ದಲಿಲ್ಲ.

ಅಂದು ಅಕ್ಕ ಬಡಿಸಿದ ತಟ್ಟೆ ಹಾಗೆಯೇ ಉಳಿಯಿತು. ಸೋಮವಾರವೂ, ಮಂಗಳವಾರವೂ. ಬರೀ ಚಹಾ. ಉಪವಾಸ ಎಂದು ಅವರು ಹೇಳಲಿಲ್ಲ, “ಹಸಿವಿಲ್ಲ” ಎಂದರು. ಕೆಲಸ ಮುಗಿದೊಡನೆ ಮೃಗಾಲಯದ ಗೇಟಿನ ಹೊರಗೆ ಹೋಗಿ ನಿಲ್ಲುತ್ತಿದ್ದರು. ಟಿಕೆಟಿನವನು “ಒಳಗೆ ಹೋಗಿ ಸಾಹೇಬ್, ನಿಮ್ಮನ್ನು ಯಾರೂ ತಡೆದಿಲ್ಲ” ಎಂದರೆ, “ದೂರು ಅದ ನನ್ನ ಮ್ಯಾಲೆ” ಎನ್ನುತ್ತಿದ್ದರು. ಅದನ್ನು ಹಿಂದಿಗೆ ತಿರುಗಿಸಿ ಹೇಳುವ ಕೆಲಸ ನನ್ನದು. ನನಗೆ ಅವರ ಮೇಲೆ ಸಿಟ್ಟು, ಕನಿಕರ ಎರಡೂ ಒಟ್ಟಿಗೆ ಬರುತ್ತಿದ್ದವು.

ಬುಧವಾರ ಸಂಜೆ ನಗರಸಭೆಯ ಒಪ್ಪಿಗೆ ಪಡೆದು ಮೇಲ್ವಿಚಾರಕರು ರಾಮ್‌ಜಿಕಾಕಾನನ್ನು ಮತ್ತೆ ಕೆಲಸಕ್ಕೆ ಕರೆಸಿದರು. ಅಂದು ಅಕ್ಕನೂ ನಮ್ಮ ಜೊತೆ ಗೇಟಿಗೆ ಬಂದಿದ್ದಳು. ಭಾವನವರು ಗೇಟು ದಾಟಲಿಲ್ಲ. “ನೀ ಹೋಗಿ ನೋಡ್ಕೊಂಡು ಬಾ” ಎಂದರು. ಅಕ್ಕನನ್ನು ಅವರ ಬಳಿ ಬಿಟ್ಟು ನಾನು ಹೋದೆ. ಕಾಕಾ ಎಂದಿನಂತೆ ಕುಕ್ಕರಗಾಲಿನಲ್ಲಿ ಕೂತು, ಹಣ್ಣು ಸುಲಿದು, ಒಂದು ತುಂಡು ಕಚ್ಚಿ, ಉಳಿದದ್ದನ್ನು ಒಳಗೆ ಚಾಚಿದರು. ಸಿಂಗಳೀಕ ಬಂತು. ಹಣ್ಣು ತೆಗೆದುಕೊಳ್ಳಲಿಲ್ಲ. ಸರಳಿನ ಸಂದಿಯಿಂದ ಕೈ ಹೊರಗೆ ಹಾಕಿ ಕಾಕಾನ ಅಂಗಿಯನ್ನು ಹಿಡಿದುಕೊಂಡಿತು. ಒಂದು ಕೈಯಿಂದ ಅಂಗಿ ಬಿಡದೆ, ಇನ್ನೊಂದು ಕೈಯಿಂದ ನಿಧಾನವಾಗಿ ತಿನ್ನತೊಡಗಿತು. ನಾನು ಅಳುತ್ತಲೇ ಗೇಟಿಗೆ ಓಡಿಬಂದೆ.

“ಉಂಡಿತೇನು?”

“ಉಂಡಿತು ಭಾವ.”

“ಪೂರಾ ಉಂಡಿತೇನು?”

ಇನ್ನೂ ತಿನ್ನುತ್ತಿದೆ ಎಂದೆ. ಭಾವನವರು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಕಾಕಾ ಕೆಲಸ ಮುಗಿಸಿ ಹೊರಗೆ ಬಂದರು. ದೂರು ಕೊಟ್ಟವರು ಇವರೇ ಎಂದು ಅವರಿಗೆ ಟಿಕೆಟಿನವನು ಹೇಳಿದ್ದ. ಭಾವನವರು ಎದ್ದು ಕೈ ಮುಗಿದರು. ಎಷ್ಟೊಂದು ಪುಟ ಬರೆದ ಮನುಷ್ಯನಿಗೆ ಆಗ ಒಂದು ಶಬ್ದ ಸಿಗಲಿಲ್ಲ.

ಕಾಕಾ ಅವರ ಒಣಗಿದ ಮುಖವನ್ನು ನೋಡಿದರು. “ಊಟ ಮಾಡಿಲ್ಲವಾ?” ಎಂದು ಹಿಂದಿಯಲ್ಲಿ ಅಕ್ಕನನ್ನು ಕೇಳಿದರು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಕಾಕಾ ಜೋಳಿಗೆಯಿಂದ ಒಂದು ಬಾಳೆಹಣ್ಣು ತೆಗೆದು ಸುಲಿದರು. ಊಟ ಬಿಟ್ಟವರಿಗೆ ತಿನ್ನಿಸುವ ರೀತಿ ಅವರಿಗೆ ಗೊತ್ತಿದ್ದದ್ದು ಒಂದೇ. ಒಂದು ತುಂಡು ಕಚ್ಚಿ ತಾವು ತಿಂದು, ಉಳಿದದ್ದನ್ನು ಭಾವನವರ ಮುಂದೆ ಚಾಚಿದರು. ಚಾಚಿದ ಮೇಲೆ ಎಚ್ಚರವಾಗಿ, “ಅರೆ, ಮಾಫ್ ಕರೋ ಸಾಹೇಬ್, ಆದತ್ ಹೋ ಗಯೀ” ಎಂದು, ಅಭ್ಯಾಸಬಲಕ್ಕೆ ಕ್ಷಮೆ ಕೇಳುತ್ತ, ಗಾಬರಿಯಿಂದ ಕೈ ಹಿಂದಕ್ಕೆ ಎಳೆದುಕೊಂಡರು.

ಭಾವನವರು ಆ ಕೈಯನ್ನು ಹಿಡಿದುಕೊಂಡರು. ಹಿಡಿದುಕೊಂಡೇ, ಕಾಕಾ ಕಚ್ಚಿದ್ದ ಕಡೆಯಿಂದಲೇ ತಿಂದರು.