ಜಯರಾಮುವಿಗೆ ಸನ್ಮಾನವೇಕೆ?

ಮಾಡಿದ ತಪ್ಪಿಗೆ ಬೈಗುಳ ಬಂದರೆ ಗಂಡಸು ಹೇಗೋ ತಡೆದುಕೊಳ್ಳುತ್ತಾನೆ. ಏನು ಮಾಡಿದೆನೆಂದೇ ತಿಳಿಯದೆ ಸನ್ಮಾನ ಬಂದರೆ? ಜಯರಾಮು ಫೋನು ಕೆಳಗಿಟ್ಟು ಸೋಫಾದ ತುದಿಯಲ್ಲಿ ಕುಳಿತ.

"ಯಾರ್ರೀ ಅದು?" ಅಡುಗೆಮನೆಯಿಂದ ಹೆಂಡತಿ ರಾಜಿ ಕೇಳಿದಳು.

"ನೇಬರ್‌ಹುಡ್ ಅಸೋಸಿಯೇಷನ್ ಗುಲ್ಶನ್ ಆಂಟಿ, ನಮ್ಮ ಬೆಂಗಳೂರಿನವರು. ಶನಿವಾರ ನಮ್ಮ ಏರಿಯಾ ವಾಲಂಟಿಯರ್‌ಗಳಿಗೆ ಸನ್ಮಾನ ಅಂತೆ. ನನಗೂ ಒಂದು."

"ನಿಮಗಾ? ರಾಂಗ್ ನಂಬರ್ ಇರ್ಬೇಕು. ಮನೆ ಮುಂದಿನ ಸ್ನೋ ತೆಗೀರಿ ಅಂದ್ರೆ ಕರಗ್ಲಿ ಬಿಡು ಅಂತೀರಿ."

ಬೆಂಗಳೂರಿನಿಂದ ಬಂದಿದ್ದ ಮಾವ ಈಶಣ್ಣನವರು ಟಿವಿಯಿಂದ ಕಣ್ಣು ತೆಗೆಯದೆ, "ದೊಡ್ಡ ಬ್ಯಾಂಕಲ್ಲಿದ್ದಾರಲ್ಲಮ್ಮ, ಕರೆದು ಮಾಡ್ತಾರೆ" ಎಂದರು. ಜಯರಾಮುವಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು.

ಏಕೆಂದರೆ ಬ್ಯಾಂಕಿನಲ್ಲಿ ಅವನಿರಲಿಲ್ಲ. ಎರಡು ಸಾವಿರದ ಎಂಟರ ಅಕ್ಟೋಬರಿನಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗಿ, ಜರ್ಸಿ ಸಿಟಿಯ ಗಾಜಿನ ಗೋಪುರಗಳಿಂದ ಕೆಲಸ ಕಳೆದುಕೊಂಡ ಜನ ರಟ್ಟಿನ ಪೆಟ್ಟಿಗೆ ಹಿಡಿದು ಇಳಿಯುತ್ತಿದ್ದಾಗ ಅವನೂ ಇಳಿದಿದ್ದ. ಮಾವನವರು ವಿಮಾನದಿಂದ ಇಳಿದದ್ದೂ ಅದೇ ವಾರ. ಅವರು ವಾಪಸು ಹೊರಡುವುದರೊಳಗೆ ಇನ್ನೊಂದು ಕೆಲಸ ಸಿಕ್ಕೇ ಸಿಗುತ್ತದೆ, ಅಲ್ಲಿಯವರೆಗೆ ಮಾನ ಉಳಿದರೆ ಸಾಕೆಂದು ರಾಜಿಗೂ ಹೇಳದೆ, ದಿನವೂ ಟೈ ಕಟ್ಟಿ ಹೊರಡುತ್ತಿದ್ದ. ಕಾರ್ಯಸ್ಥಾನ: ಊರಿನ ಲೈಬ್ರರಿ. (ಹೀಟರ್ ಚೆನ್ನಾಗಿತ್ತು. ಬಾಸ್ ಇರಲಿಲ್ಲ.) ಪಕ್ಕದ ಶಾಲೆ ಬಿಡುವ ಹೊತ್ತಿಗೆ ಎದ್ದು, ಪಾರ್ಕಿನಲ್ಲಿ ಸುತ್ತಾಡಿ, ಸಂಜೆಯ ರೈಲಿನ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿದ್ದ.

ಇಂಥವನಿಗೆ ಸನ್ಮಾನವೇಕೆ? ಲೈಬ್ರರಿಯಲ್ಲಿ ಕುರ್ಚಿ ಒಳಗೆ ತಳ್ಳಿ ಏಳುತ್ತಿದ್ದುದಕ್ಕೋ? ಗುಟ್ಟು ತಿಳಿದು ಯಾರೋ ಗೇಲಿ ಮಾಡುತ್ತಿದ್ದಾರೋ? ಬೇಡವೆಂದರೆ ಯಾಕೆ ಬೇಡ ಎಂದು ರಾಜಿ ಕೇಳುತ್ತಾಳೆ. ಹೋಗದೆ ವಿಧಿಯಿರಲಿಲ್ಲ.

ಶನಿವಾರ ಸಭಾಂಗಣ ತುಂಬಿತ್ತು. ಬೆಂಕಿ ನಂದಿಸಿದವನಿಗೆ ಫಲಕ ಕೊಟ್ಟರು, ಸರಿ. ಹಸಿದವರಿಗೆ ಊಟ ಹಂಚಿದ ಅಜ್ಜಿಗೆ ಕೊಟ್ಟರು, ಅದೂ ಸರಿ. ಆಮೇಲೆ ಗುಲ್ಶನ್ ಆಂಟಿ ಜಯರಾಮುವನ್ನು ಕರೆದು ಇಂಗ್ಲಿಷಿನಲ್ಲಿ ಹೊಗಳಿದರು. ಸಾಲದ್ದಕ್ಕೆ ಈಶಣ್ಣನವರಿಗೂ ತಿಳಿಯಲೆಂದು ಕನ್ನಡದಲ್ಲಿ ಮತ್ತೊಮ್ಮೆ ಹೇಳಿದರು:

"ಬಜೆಟ್ ಕಟ್ ಆಗಿ ಸ್ಕೂಲ್ ಮುಂದೆ ರಸ್ತೆ ದಾಟಿಸೋ ಗಾರ್ಡ್‌ನ ತೆಗೆದುಬಿಟ್ರು. ಆಗ ಯಾರೂ ಕೇಳದೇನೇ ಇವರು ಬಂದ್ರು. ಸೂಟು, ಟೈ. ಬೆಳಗ್ಗೆ ಒಂದ್ಸಲ, ಮಧ್ಯಾಹ್ನ ಸ್ಕೂಲ್ ಬಿಡುವಾಗ ಒಂದ್ಸಲ. ಒಂದು ವರ್ಕಿಂಗ್ ಡೇನೂ ತಪ್ಪಿಸಿಲ್ಲ."

ಆಗ ಜಯರಾಮುವಿಗೆ ಅರ್ಥವಾಯಿತು. ಅವನು ರಸ್ತೆ ದಾಟುವುದನ್ನು ಕಲಿತದ್ದು ಮೆಜೆಸ್ಟಿಕ್ಕಿನಲ್ಲಿ. ಬರುವ ವಾಹನದ ಮುಂದೆ ಅಂಗೈ ಚಾಚಬೇಕು, ಡ್ರೈವರನ ಮುಖ ನೋಡದೆ ನಡೆದುಬಿಡಬೇಕು. ಲೈಬ್ರರಿಗೆ ಹೋಗುವಾಗಲೂ ಬರುವಾಗಲೂ ಹಾಗೆಯೇ ದಾಟುತ್ತಿದ್ದ. ಹಿಂದೆ ಬಾತುಮರಿಗಳ ಹಾಗೆ ಸಾಲಾಗಿ ಬರುತ್ತಿದ್ದ ಮಕ್ಕಳು ತನ್ನನ್ನು ಅಣಕಿಸುತ್ತಿದ್ದಾರೆಂದುಕೊಂಡು ಇನ್ನೂ ಬಿರುಸಾಗಿ ನಡೆಯುತ್ತಿದ್ದ.

ಸಭೆ ಎದ್ದು ನಿಂತಿತು. ಮಕ್ಕಳೆಲ್ಲ ಅಂಗೈ ಚಾಚಿ ಅವನಿಗೆ ಗೌರವ ಸೂಚಿಸಿದರು. ಮುಂದಿನ ಸಾಲಿನಲ್ಲಿ ರಾಜಿಯ ಚಪ್ಪಾಳೆ ಮಾತ್ರ ಅರ್ಧಕ್ಕೆ ನಿಂತಿತ್ತು.

ಕಾರು ಹತ್ತಿದ ಮೇಲೆ ಅವಳು ಕೇಳಿದಳು. "ಯಾವಾಗಿಂದ?"

"ಅಕ್ಟೋಬರ್."

"ಊರಿಗೆಲ್ಲ ಕಾಣಿಸ್ತಿದ್ರಿ. ನನಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

ಜಯರಾಮು ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೀರಿಂಗ್ ನೋಡಿದ. ಹಿಂದಿನ ಸೀಟಿನಲ್ಲಿ ಈಶಣ್ಣನವರು ಕೆಮ್ಮಿದರು.

"ಯಾಕಮ್ಮ ಅವರನ್ನ ಗದರಿಸ್ತೀಯ? ಬ್ಯಾಂಕೆಲ್ಲ ಮುಳುಗೋ ಕಾಲದಲ್ಲಿ ಸದ್ದಿಲ್ದೆ ಮುನಿಸಿಪಾಲ್ಟಿ ಸೇರಿದ್ದಾರೆ. ಜಾಣರು. ಗೌರ್ಮೆಂಟ್ ಕೆಲಸ, ಯಾರೂ ಕಿತ್ಕೊಳ್ಳೋ ಹಾಗಿಲ್ಲ." ಅವರು ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದರು, "ಅಳಿಯಂದಿರೇ, ಪೆನ್ಷನ್ ಇದೆ ತಾನೆ?"

ಜಯರಾಮು ದಿಕ್ಕು ತೋಚದೆ ಹೆಂಡತಿಯ ಕಡೆ ತಿರುಗಿದ. ರಾಜಿ ಕಣ್ಣೊರೆಸಿಕೊಂಡು ಕಿಟಕಿಯ ಹೊರಗೆ ನೋಡಿದಳು.

"ಹೇಳ್ರೀ," ಎಂದಳು. "ಅಪ್ಪ ಕೇಳ್ತಿದ್ದಾರೆ."