ಮಾಮಾ ಬಿಚ್ಚಗೊಡದ ಗಂಟು

ನಮ್ಮ ಸೋದರಮಾವ ಯಾರನ್ನೂ ನಂಬುವವರಲ್ಲ. ಗಡಿಯಾರ ಹತ್ತು ಹೊಡೆದರೆ ಅಂಗಳಕ್ಕಿಳಿದು ಸೂರ್ಯನನ್ನು ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಮೋಡ ಮುಸುಕಿದ ದಿನ ನಮ್ಮ ಮನೆಯಲ್ಲಿ ಹತ್ತು ಗಂಟೆ ಆಗುವುದೇ ಇಲ್ಲ!

ಅವರ ದೊಡ್ಡ ಸಂಶಯ ಕೃಷ್ಣೆಯ ಮೇಲೆ. ಜುಗೂಳದಲ್ಲಿ ನಮ್ಮ ಮನೆ ಹೊಳೆದಂಡೆಗೆ ಅಂಟಿಕೊಂಡೇ ಇದೆ. ಏಳು ವರ್ಷದ ಹಿಂದೆ ಮಹಾಪೂರ ಬಂದು ಹಿತ್ತಲಿನ ಅರ್ಧ ದಂಡೆ ಕುಸಿಯಿತು. ಉಳಿದರ್ಧವೂ ಹೋದರೆ ಮುಂದಿನ ಸರದಿ ಅಡುಗೆಮನೆಯದು. ಮಾಮಾ ಅವ್ವನಿಂದ ಒಂದು ಗಂಟು ಕಟ್ಟಿಸಿ, ಓಡುವ ಹೊತ್ತಿಗೆ ಸಿಗಲೆಂದು ಬಾಗಿಲ ಬಳಿ ಇಡಿಸಿದರು. ಆಮೇಲೆ ದಂಡೆಗೆ ಗಿಡ ಹಚ್ಚಲು ಹೊರಟರು.

ನಾನು ಆಗಷ್ಟೇ ಬಿ.ಎ. ಮುಗಿಸಿದ್ದೆ. ಚಿಕ್ಕೋಡಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿಬಂದು ಪಡೆದ ಪದವಿ. ನಮ್ಮ ಮನೆತನಕ್ಕೇ ಮೊದಲನೆಯದು. ಹೇಳಿಕೊಳ್ಳಲು ನಾಚಿಕೆಯೇನು? ಠೀವಿಯಿಂದ ಅರಣ್ಯ ಇಲಾಖೆಗೆ ಅರ್ಜಿ ಬರೆದು ಪುಕ್ಕಟೆ ಸಸಿ ತಂದೆ.

"ಫುಕಟ್ ಕೊಟ್ಟಾರಂದ್ರ ಏನೋ ಐತಿ. ಇದರ ತಾಯಿ ಯಾರು?"

"ಗಿಡಕ್ಕ ಎಂಥಾ ತಾಯಿ, ಮಾಮಾ?"

"ಹೆಣ್ಣು ತರೂಮುಂದ ಮನೆತನ ನೋಡೂದಿಲ್ಲೇನು? ಅರ್ಧಾನ ಓದೀದಿ ನೀ!"

ಒಂದು ತಿಂಗಳು ಹೊಳೆಗುಂಟ ತಿರುಗಿದರು. ಮಹಾಪೂರಕ್ಕೂ ಜಗ್ಗದೆ ನಿಂತ ಹೊಂಗೆ, ನೇರಳೆ, ಹೊಳೆಮತ್ತಿಗಳ ಬೀಜವೇ ಬೇಕು. ಅದಕ್ಕೆ ಆಯಾ ಊರಿನ ಇಬ್ಬರು ಮುದುಕರ ಸಾಕ್ಷಿ ಬೇರೆ. ಒಬ್ಬನ ಮಾತು ನಂಬುವುದು ಹೇಗೆ? ಮನಸ್ಸಿಗೆ ಬಂದ ಮರದ ಬುಡದಲ್ಲಿ ಕುಳಿತು, ಬುತ್ತಿಯ ಅವಲಕ್ಕಿ ತಿಂದು, "ಬೀಗತನ ಆತು" ಎಂದು ಬೀಜ ಆರಿಸುತ್ತಿದ್ದರು!

ಇಷ್ಟೆಲ್ಲ ಸುಮ್ಮನೆ ಮಾಡುತ್ತಾರೆಯೇ? ಗಿಡದ ನೆಪದಲ್ಲಿ ದಂಡೆಯ ಜಾಗ ನುಂಗುವ ಹೂಟ ಎಂದಿತು ಊರು. ನಿಜ ಹೇಳಬೇಕೆಂದರೆ, ನನಗೂ ತುಸು ಅನುಮಾನವಿತ್ತು. ಮಾಮಾಗೆ ಸಿಟ್ಟು ಬರಲಿಲ್ಲ. "ಶಾಣ್ಯಾ ಮಂದಿ. ನಾನಾದ್ರೂ ಹಂಗ ಅಂತಿದ್ದೆ," ಎಂದು ಮೆಚ್ಚಿಕೊಂಡರು.

ಬೀಜ ಮೊಳೆತ ಮೇಲೆ, ಆಡು ಮುಟ್ಟದಿರಲೆಂದು ಸಸಿಗಳಿಗೆ ಸೆಗಣಿನೀರು ಬಳಿದರು. ಸಾಲದೆಂದು ಆಡು ಮೇಯಿಸುವ ಬಾಳವ್ವನನ್ನೇ ಕಾವಲಿಗಿಟ್ಟರು. ಅವಳನ್ನು ಕಾಯಲು ತಾವೂ ಕುಳಿತರು!

"ಯಣ್ಣಾ, ನೀನ ಕುಂದರಾಂವ ಇದ್ರ ನಾ ಯಾಕ ಬೇಕು?"

"ನಾ ತೂಕಡಿಸಿದ್ರ? ನನ್ನ ಮ್ಯಾಲ ನನಗ ಭರವಸೆ ಇಲ್ಲವಾ."

ಕಾವಲಿಗೆ ಪ್ರತಿಯಾಗಿ ಹೊಂಗೆಕಾಯಿಯೆಲ್ಲ ಅವಳದೆಂದು ಮಾತಾಯಿತು. ಈಗ ಪ್ರತಿವರ್ಷ ಬೀಜ ಬಡಿದು ಸಂತೆಗೆ ಒಯ್ಯುತ್ತಾಳೆ. ಮಾಮಾ ಗಿಡದ ಹತ್ತಿರ ಸುಳಿದರೆ ಸಾಕು: "ಯಾಕ ಯಣ್ಣಾ, ಕಾಯಿ ಮ್ಯಾಲ ಕಣ್ಣೇನು?"

ನನಗೂ ಒಂದು ಸಿಟ್ಟಿತ್ತು. ನನ್ನ ಪದವಿಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ ತಂದ ದಿನವೇ ಮಾಮಾ ಅದನ್ನು ಕಸಿದು ಗಂಟಿಗೆ ಸೇರಿಸಿದ್ದರು; ಮತ್ತೆ ಬಿಚ್ಚಗೊಡಲಿಲ್ಲ.

"ಗ್ವಾಡಿಗೆ ಹಾಕೂನು ಮಾಮಾ!"

"ಗ್ವಾಡಿನ ಎಷ್ಟ ದಿನಾ ಇರತೈತೋ!"

ನನ್ನ ಓದಿನ ಮೇಲೂ ಇವರಿಗೆ ನಂಬಿಕೆಯಿಲ್ಲ ಎಂದುಕೊಂಡೆ.

ಈ ವರ್ಷ ಹೊಳೆ ಮತ್ತೆ ಏರಿತು. ಗಂಟು ಹೊತ್ತು ಓಡಿ, ನಾಲ್ಕು ದಿನ ಶಾಲೆಯ ಗಂಜಿಕೇಂದ್ರದಲ್ಲಿದ್ದು ಮರಳಿದಾಗ, ಆಚೆಯ ಬೋಳು ದಂಡೆ ಕುಸಿದುಹೋಗಿತ್ತು. ನಮ್ಮ ಹಿತ್ತಲಲ್ಲಿ ಮಾತ್ರ ಬೇರುಗಳು ಮಣ್ಣನ್ನು ಕಚ್ಚಿ ಹಿಡಿದಿದ್ದವು. ಮಾಮಾ ಮನೆಯಿಂದ ದಂಡೆಯ ಅಂಚಿನವರೆಗೆ ಹೆಜ್ಜೆಯಿಟ್ಟು ಅಳೆದರು. ನಂಬಲಿಲ್ಲ. ಬಾಳವ್ವನಿಂದ ಅಳೆಸಿದರು. ನನ್ನಿಂದಲೂ ಅಳೆಸಿದರು. ಆಮೇಲೆ ಒಳಗೆ ಬಂದು ಅವ್ವನಿಗೆ ಅಂದರು:

"ಅಕ್ಕಾ, ಗಂಟು ಬಿಚ್ಚು."

ಅವ್ವನ ಎರಡು ಸೀರೆ, ಮನೆಯ ಕಾಗದಪತ್ರ. ನಡುವೆ, ಮೂರು ಸುತ್ತು ಪ್ಲಾಸ್ಟಿಕ್ಕಿನೊಳಗೆ, ಮಾಮಾನ ಹೊಸ ಧೋತರದಲ್ಲಿ ಸುತ್ತಿದ ನನ್ನ ಪದವಿ. ಮಾಮಾನದು ಎಂದು ಆ ಗಂಟಿನಲ್ಲಿದ್ದದ್ದು ಆ ಧೋತರ ಒಂದೇ.

ಅವರು ಗೋಡೆಗೆ ಮೊಳೆ ಹೊಡೆದರು. ಎರಡು ಸಲ ಜಗ್ಗಿ ನೋಡಿದರು.

ಆಮೇಲೆ ತೂಗುಹಾಕಿದರು.